ಹಳೆಯ ಕಾರಿನ ಹೀಟರ್ ಕೋರ್ ಸೋರಿದಾಗ

ಡ್ಯಾಶ್‌ಬೋರ್ಡ್ ಹಿಂದಿರುವ ಹೀಟರ್ ಕೋರ್ ಒಂದು ಪುಟ್ಟ ರೇಡಿಯೇಟರ್. ಎಂಜಿನ್ನಿನಲ್ಲಿ ಕಾದ ಕೂಲೆಂಟ್ ಅದರ ಸಣ್ಣ ಕೊಳವೆಗಳಲ್ಲಿ ಹರಿದು, ಬ್ಲೋವರ್ ಊದುವ ಗಾಳಿಯನ್ನು ಬಿಸಿ ಮಾಡುತ್ತದೆ. ಕೂಲೆಂಟನ್ನು ವರ್ಷಗಟ್ಟಲೆ ಬದಲಿಸದಿದ್ದರೆ ಕೊಳವೆಗಳು ಸವೆದು ತೂತು ಬೀಳುತ್ತವೆ.

ಮುಂದಿನ ಸೀಟಿನ ಕಾಲಡಿಯ ಮ್ಯಾಟ್ ಒದ್ದೆಯಾಗಿ ಅಂಟಂಟಾಗುವುದು, ಸಿಹಿ ವಾಸನೆ, ಗಾಜಿನ ಒಳಮೈಯಲ್ಲಿ ಜಿಡ್ಡುಮಂಜು ಸೋರಿಕೆಯ ಲಕ್ಷಣಗಳು. ಏಸಿಯಿಂದ ತೊಟ್ಟಿಕ್ಕುವ ನೀರೂ ಮ್ಯಾಟನ್ನು ಒದ್ದೆ ಮಾಡಬಹುದು, ಆದರೆ ಅದಕ್ಕೆ ಬಣ್ಣವೂ ಇಲ್ಲ, ಅಂಟೂ ಇಲ್ಲ.

ಕೋರ್ ಬದಲಿಸಲು ಹೋದರೆ ಹಲವು ಕಾರುಗಳಲ್ಲಿ ಬಿಡಿಭಾಗದ ಬೆಲೆಗಿಂತ ಡ್ಯಾಶ್‌ಬೋರ್ಡ್ ಬಿಚ್ಚುವ ಕೂಲಿಯೇ ಹೆಚ್ಚು. ಸದ್ಯದ ಪರಿಹಾರವೆಂದರೆ ಬೈಪಾಸ್: ಎಂಜಿನ್ ಪೂರ್ತಿ ತಣಿದ ಮೇಲೆ ಕೋರ್‌ಗೆ ಹೋಗಿಬರುವ ಎರಡು ಹೋಸ್‌ಗಳನ್ನು ಕಳಚಿ ಒಂದಕ್ಕೊಂದು ಜೋಡಿಸುವುದು. ಆಗ ಸೋರಿಕೆ ನಿಲ್ಲುತ್ತದೆ, ಹೀಟರ್ ಮಾತ್ರ ಇರುವುದಿಲ್ಲ. ಸೋರಿಕೆ ಮುಚ್ಚುವ ಪುಡಿ ಸುರಿದರೆ ರೇಡಿಯೇಟರೂ ಕಟ್ಟಿಕೊಳ್ಳಬಹುದು. ಕೂಲೆಂಟಿನ ಎಥಿಲೀನ್ ಗ್ಲೈಕಾಲ್ ವಿಷ. ಚೆಲ್ಲಿದ್ದನ್ನು ಮಕ್ಕಳು, ನಾಯಿಗಳು ಮುಟ್ಟುವ ಮೊದಲೇ ಒರೆಸಬೇಕು.