ಬಚ್ಚಲ ಸಂದಿನಲ್ಲಿ ಇಳಿಯುವ ನೀರು

ಹೂವಿನಹಡಗಲಿಯ ಕಲ್ಲೇಶ್ವರ ಗುಡಿಯ ಗೋಡೆಯಲ್ಲಿ ಕಲ್ಲಿಗೂ ಕಲ್ಲಿಗೂ ನಡುವಿನ ಸಂದು ಕಾಣಬೇಕಾದರೆ ಹತ್ತಿರ ಹೋಗಿ ಹುಡುಕಬೇಕು. ಕಲ್ಯಾಣ ಚಾಲುಕ್ಯರ ಕಾಲದ ಕುಶಲಿಗಳು ಗಾರೆಯ ಹಂಗಿಲ್ಲದೆ ಕಲ್ಲನ್ನು ಕಲ್ಲಿಗೆ ಕೂರಿಸುತ್ತಿದ್ದರು. ಅದೇ ಊರಿನ ಇಪ್ಪತ್ತು ವರ್ಷದ ಮನೆಯ ಬಚ್ಚಲಿಗೆ ಬನ್ನಿ. ಸಂದು ಹುಡುಕುವ ಕಷ್ಟವೇ ಇಲ್ಲ, ಕರ್ರಗಾಗಿ ತಾನೇ ಕಾಣುತ್ತದೆ.

ಹಂಡೆ, ಒಲೆ, ಕಡಪಾ ಕಲ್ಲಿನ ಬಚ್ಚಲಿದ್ದಾಗ ಮೈಮೇಲೆ ಸುರಿದುಕೊಂಡ ನೀರು ಹೆಚ್ಚಾಗಿ ನೆಲಕ್ಕೇ ಬೀಳುತ್ತಿತ್ತು. ಶವರ್ ಬಂದ ಮೇಲೆ ಗೋಡೆಗೂ ದಿನಾ ಸ್ನಾನ. ಟೈಲ್ಸ್‌ನ ನುಣುಪು ಮೈ ನೀರನ್ನು ತಡೆಯುತ್ತದೆ. ಒಳಗೆ ಬಿಟ್ಟುಕೊಳ್ಳುವುದು ಸಂದು. ಟೈಲ್ಸ್ ಕೂರಿಸಿದ ಮೇಸ್ತ್ರಿ ಕೊನೆಗೆ ಬಿಳಿ ಸಿಮೆಂಟ್ ಕಲಸಿ ಸಂದಿಗೆ ಬಳಿದು, ಬಟ್ಟೆಯಲ್ಲಿ ಒರೆಸಿ ಹೊರಡುವುದು ಬಹಳ ಕಡೆ ನಡೆದುಬಂದ ರೂಢಿ. ಬರೀ ಬಿಳಿ ಸಿಮೆಂಟ್ ಒಣಗುವಾಗ ಕುಗ್ಗಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ನೀರಿಗೆ ಅಷ್ಟು ದಾರಿ ಸಾಕು.

ಉಳಿದದ್ದನ್ನು ಆ್ಯಸಿಡ್ ಮುಗಿಸುತ್ತದೆ. ಕೊಳವೆಬಾವಿಯ ಗಡಸು ನೀರು ಬರುವ ಮನೆಗಳಲ್ಲಿ ಬಕೆಟ್ಟು, ನಲ್ಲಿ, ಟೈಲ್ಸ್ ಎಲ್ಲದರ ಮೇಲೂ ಬಿಳಿ ಪೊರೆ ಕಟ್ಟುತ್ತದೆ. ಅದು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನ ಜಾತಿ. ಹಬ್ಬದ ಮುಂಚೆ ಆ್ಯಸಿಡ್ ಸುರಿದರೆ ಬುಸಬುಸ ನೊರೆಯೆದ್ದು ಗೋಡೆ ಫಳಫಳ ಎನ್ನುತ್ತದೆ. ಆದರೆ ಸಿಮೆಂಟಿನಲ್ಲಿರುವುದೂ ಸುಣ್ಣವೇ. ಪೊರೆ ಯಾವುದು, ಸಂದಿನ ಸಿಮೆಂಟ್ ಯಾವುದು ಎಂದು ಆ್ಯಸಿಡ್‌ಗೆ ಗೊತ್ತಾಗುವುದಿಲ್ಲ, ಎರಡನ್ನೂ ತಿನ್ನುತ್ತದೆ. ಮನೆ ಹೊಳೆಯುವ ದಿನವೇ ಸಂದು ಪೊಳ್ಳಾಗುತ್ತಿರುತ್ತದೆ.

ಇಂಥ ಸಂದಿನ ಮೇಲೆ ಇನ್ನೊಂದು ಪದರ ಬಿಳಿ ಸಿಮೆಂಟ್ ಸವರಿದರೆ ಕೆಲವೇ ದಿನಕ್ಕೆ ಹಕ್ಕಳೆಯಾಗಿ ಉದುರುತ್ತದೆ. ಹಳೆಯದನ್ನು ಕೆರೆದು ತೆಗೆಯಲೇಬೇಕು. ಬೇಸರದ ಕೆಲಸ, ಆದರೆ ಇಡೀ ರಿಪೇರಿಯ ಜೀವ ಇರುವುದು ಇಲ್ಲೇ. ಸಂದು ಕೆರೆಯುವ ಸಲಕರಣೆ ಸಿಗದಿದ್ದರೆ ಹ್ಯಾಕ್ಸಾ ಬ್ಲೇಡಿನ ತುಂಡಿಗೆ ಬಟ್ಟೆ ಸುತ್ತಿಕೊಂಡರೂ ನಡೆಯುತ್ತದೆ. ಟೈಲ್ಸ್ ದಪ್ಪದ ಮೂರರಲ್ಲಿ ಎರಡು ಪಾಲಿನಷ್ಟು ಆಳ ಹೋಗಬೇಕು, ಅಂಚು ಚಕ್ಕೆ ಏಳಬಾರದು. ಧೂಳು ಗುಡಿಸಿ, ತೊಳೆದು, ಗೋಡೆ ಪೂರ್ತಿ ಒಣಗಲು ಬಿಡಬೇಕು. ಮನೆಮಂದಿ ಎರಡು ಮೂರು ದಿನ ಬೇರೆ ಕಡೆ ಸ್ನಾನ ಮಾಡಬೇಕಾದೀತು!

ಬಿಳಿ ಸಿಮೆಂಟಿನ ಬದಲು ಅಂಗಡಿಯಲ್ಲಿ ಟೈಲ್ಸ್ ಗ್ರೌಟ್ ಎಂದೇ ಕೇಳಿ. ಎಪಾಕ್ಸಿ ಗ್ರೌಟ್ ದುಬಾರಿ, ಬೇಗ ಬಿಗಿಯುತ್ತದೆ, ಪಳಗಿದ ಕೈ ಬೇಕು. ಆದರೆ ನೀರು ಕುಡಿಯುವುದಿಲ್ಲ, ಕಲೆ ಹಿಡಿಯುವುದು ಕಡಿಮೆ. ಯಾವುದೇ ಆದರೂ ರಬ್ಬರ್ ಹಲಗೆಯಿಂದ ಓರೆಯಾಗಿ ಒತ್ತಿ ತುಂಬಬೇಕು. ಸಂದಿನ ಉದ್ದಕ್ಕೇ ಎಳೆದರೆ ತುಂಬಿದ್ದು ಹಲಗೆಯ ಜೊತೆಗೇ ಹೊರಬರುತ್ತದೆ.

ಗೋಡೆ ನೆಲ ಕೂಡುವ ಮೂಲೆಯ ಮಾತು ಬೇರೆ. ಬಿಸಿಗೆ ಹಿಗ್ಗಿ ತಂಪಿಗೆ ಕುಗ್ಗುವ ಎರಡು ಮೈಗಳು ಅಲ್ಲಿ ಸೇರುತ್ತವೆ. ಗಟ್ಟಿ ಸಿಮೆಂಟ್ ಸೀಳಿಹೋಗುತ್ತದೆ. ಅಲ್ಲಿಗೆ ರಬ್ಬರಿನಂತೆ ಬಳುಕುವ ಸಿಲಿಕಾನ್ ಬೇಕು, ಬೂಷ್ಟು ತಡೆಯುವ ಬಗೆಯದಾದರೆ ಒಳ್ಳೆಯದು. ಹಳೆ ಸಿಲಿಕಾನಿಗೆ ಹೊಸದು ಅಂಟುವುದಿಲ್ಲ, ಪೂರ್ತಿ ಕಿತ್ತೇ ಹಚ್ಚಬೇಕು. ಹಚ್ಚಿದ ಮೇಲೆ 24 ಗಂಟೆ ನೀರು ಸೋಕಬಾರದು.

ಇಷ್ಟಕ್ಕೆಲ್ಲ ಕೈ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿಬಿಡಿ. ನೀರು ಹೋಗುವ ತೂತಿಗೆ ಬಟ್ಟೆ ತುರುಕಿ, ಬಚ್ಚಲಲ್ಲಿ ಎರಡು ಬೆರಳಿನಷ್ಟು ನೀರು ನಿಲ್ಲಿಸಿ, ಒಂದು ದಿನ ಬಿಟ್ಟು ಕೆಳಗಿನ ಕೋಣೆಯ ಸೂರು ನೋಡಿ. ಗ್ರೌಟ್ ಎಷ್ಟೇ ಚೆನ್ನಾಗಿದ್ದರೂ ನೀರನ್ನು ಕೊನೆಗೆ ತಡೆಯಬೇಕಾದದ್ದು ಟೈಲ್ಸ್ ಅಡಿಯ ವಾಟರ್‌ಪ್ರೂಫಿಂಗ್ ಪದರ. ಸೂರು ಒದ್ದೆಯಾದರೆ ಆ ಪದರವೇ ಹೋಗಿದೆ ಅಥವಾ ತೂತಿನ ಸುತ್ತ ಬಿರುಕಿದೆ. ಆಗ ಸಂದು ತುಂಬಿ ದುಡ್ಡು ಕಳೆಯಬೇಡಿ, ನೆಲ ಒಡೆಸಿ.