ಮಾಹಿತಿ ದಲ್ಲಾಳಿಗಳೂ ಅಳಿಸುವಿಕೆಯ ಶುಲ್ಕವೂ: ಒಂದು ಚಾರಿತ್ರಿಕ ವಿವೇಚನೆ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಈ ಶತಮಾನದಲ್ಲಿ ಒಂದು ವಿಶಿಷ್ಟವಾದ ವ್ಯಾಪಾರವು ಬೆಳೆದುಬಂದಿದೆ. ಜನರ ಹೆಸರು, ವಿಳಾಸ, ದೂರವಾಣಿ ಸಂಖ್ಯೆ, ಬಂಧುಗಳ ವಿವರ ಮೊದಲಾದವುಗಳನ್ನು ಕಲೆಹಾಕಿ ಮಾರುವ ದಲ್ಲಾಳಿ ಸಂಸ್ಥೆಗಳು ಅಲ್ಲಿ ನೂರಾರಿವೆ. ಆ ಸಂಗ್ರಹಗಳಿಂದ ತನ್ನ ವಿವರಗಳನ್ನು ತೆಗೆಸಬಯಸುವವನಿಗೆ, ವಾರ್ಷಿಕ ಚಂದಾ ಪಡೆದು ಆ ಕಾರ್ಯವನ್ನು ನಡೆಸಿಕೊಡುವ ಬೇರೆ ಸಂಸ್ಥೆಗಳೂ ಇವೆ. ತಾನು ಬರೆಯದ ದಾಖಲೆಯನ್ನು ಅಳಿಸಲು ತಾನೇ ಹಣ ತೆರಬೇಕಾದ ಈ ಸ್ಥಿತಿ ಹೇಗೆ ಒದಗಿತೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇದರ ಮೂಲವು ಗಣಕಯಂತ್ರಕ್ಕಿಂತ ಬಹಳ ಹಳೆಯದು. 1837ರ ಆರ್ಥಿಕ ಮುಗ್ಗಟ್ಟಿನಲ್ಲಿ ನಷ್ಟಹೊಂದಿದ ಲೂಯಿಸ್ ಟಪ್ಪನ್ ಎಂಬ ರೇಷ್ಮೆ ವ್ಯಾಪಾರಿಯು 1841ರಲ್ಲಿ ನ್ಯೂಯಾರ್ಕಿನಲ್ಲಿ ಮರ್ಕಂಟೈಲ್ ಏಜೆನ್ಸಿಯನ್ನು ಸ್ಥಾಪಿಸಿದನು. ಊರೂರಿನ ವಕೀಲರೇ ಮೊದಲಾದವರು ವರ್ತಕರ ಆಸ್ತಿ, ನಡತೆ, ಕುಡಿತ ಇವುಗಳನ್ನು ಕುರಿತು ಬರೆದು ಕಳುಹುತ್ತಿದ್ದರು. ಚಂದಾದಾರರು ಅದನ್ನು ತಿಳಿದು ಸಾಲ ಕೊಡುತ್ತಿದ್ದರು. ಆ ಕೈಬರಹದ ಸಂಪುಟಗಳು ಎರಡೂವರೆ ಸಾವಿರಕ್ಕೂ ಮಿಕ್ಕು ಇಂದು ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿವೆ. ಚರಿತ್ರಕಾರನಿಗೆ ಅವು ಅಮೂಲ್ಯವಾದ ಆಕರ. ಆದರೆ ಅವುಗಳಲ್ಲಿ ವರ್ಣಿತನಾದ ವರ್ತಕನಿಗೆ ಅವುಗಳ ಮೇಲೆ ಯಾವ ಅಧಿಕಾರವೂ ಇರಲಿಲ್ಲ.

1899ರಲ್ಲಿ ಅಟ್ಲಾಂಟದಲ್ಲಿ ಹುಟ್ಟಿ, ಮುಂದೆ ಈಕ್ವಿಫ್ಯಾಕ್ಸ್ ಎಂಬ ಹೆಸರು ತಳೆದ ರಿಟೇಲ್ ಕ್ರೆಡಿಟ್ ಕಂಪನಿಯು ಇದೇ ವಿಚಾರಣೆಯನ್ನು ಸಾಮಾನ್ಯ ಗೃಹಸ್ಥರಿಗೂ ವಿಸ್ತರಿಸಿತು. ಜನರ ಅಸಮಾಧಾನದ ಫಲವಾಗಿ 1970ರಲ್ಲಿ ನ್ಯಾಯಯುತ ಸಾಲವರದಿ ಕಾಯಿದೆ ಅಂಗೀಕೃತವಾಯಿತು. ತನ್ನ ವರದಿಯನ್ನು ತಿಳಿಯುವ ಹಾಗೂ ತಪ್ಪನ್ನು ಪ್ರಶ್ನಿಸುವ ಹಕ್ಕು ಪ್ರಜೆಗೆ ದೊರೆಯಿತು. ಆದರೆ ಈ ಹಕ್ಕು ಸಾಲ, ವಿಮೆ, ಉದ್ಯೋಗ ಮುಂತಾದವುಗಳ ನಿರ್ಣಯಕ್ಕಾಗಿ ಬಳಸುವ ವರದಿಗಳಿಗೆ ಮಾತ್ರ ಸೀಮಿತವಾಗಿತ್ತು. ಜಾಹೀರಾತಿಗಾಗಿ ಅಥವಾ ಕೇವಲ ಕುತೂಹಲಕ್ಕಾಗಿ ಮಾರುವ ವಿವರಗಳು ಅದರ ಹೊರಗುಳಿದವು. ಇಂದಿನ ವ್ಯಾಪಾರವು ಬೆಳೆದದ್ದು ಈ ತೆರಪಿನಲ್ಲಿಯೇ.

ಆಸ್ತಿ ನೋಂದಣಿ, ಮತದಾರರ ಪಟ್ಟಿ, ನ್ಯಾಯಾಲಯದ ಕಡತ, ಅಂಗಡಿಗಳ ಮಾರಾಟದ ಲೆಕ್ಕ ಇವೆಲ್ಲವನ್ನೂ ಗಣಕಯಂತ್ರವು ಒಂದೆಡೆ ಹೆಣೆಯಿತು. ಫೆಡರಲ್ ವಾಣಿಜ್ಯ ಆಯೋಗವು 2014ರಲ್ಲಿ ಒಂಬತ್ತು ದಲ್ಲಾಳಿ ಸಂಸ್ಥೆಗಳನ್ನು ಕುರಿತು ಪ್ರಕಟಿಸಿದ ವರದಿಯಲ್ಲಿ, ಒಂದು ಸಂಸ್ಥೆಯ ಬಳಿ ಅಮೆರಿಕದ ಬಹುಮಟ್ಟಿಗೆ ಪ್ರತಿಯೊಬ್ಬ ಗ್ರಾಹಕನ ಬಗೆಗೂ 3000 ಬಗೆಯ ವಿವರಗಳಿದ್ದುವೆಂದು ಹೇಳಿದೆ. ಇದರ ಅಪಾಯ ಕಲ್ಪಿತವಾದುದಲ್ಲ. 2020ರ ಜುಲೈಯಲ್ಲಿ ನ್ಯೂಜರ್ಸಿಯ ಫೆಡರಲ್ ನ್ಯಾಯಾಧೀಶೆ ಎಸ್ತರ್ ಸಲಾಸ್ ಅವರ ಮನೆಬಾಗಿಲಲ್ಲಿ ಅವರ ಇಪ್ಪತ್ತು ವರ್ಷದ ಮಗನು ಹತನಾದನು. ಕೊಲೆಗಾರನು ಅವರ ವಿವರಗಳನ್ನು ಮುಂಚಿತವಾಗಿಯೇ ಕಲೆಹಾಕಿದ್ದನು. ಅಂಥ ವಿವರಗಳ ಮಾರಾಟವನ್ನು ತಡೆಯುವ ಕಾಯಿದೆ 2022ರಲ್ಲಿ ಬಂದಿತಾದರೂ, ಅದರ ರಕ್ಷಣೆ ಫೆಡರಲ್ ನ್ಯಾಯಾಧೀಶರಿಗೂ ಅವರ ಕುಟುಂಬಕ್ಕೂ ಮೀಸಲಾಯಿತು. ಉಳಿದ ಬಹುಮಂದಿಗೆ ಸ್ವತಃ ಮನವಿ ಸಲ್ಲಿಸುವುದು ಇಲ್ಲವೇ ಚಂದಾ ಸೇವೆಯೇ ಗತಿಯಾಯಿತು.

ಈ ಸೇವೆಯ ಕ್ರಮ ಸರಳವಾದುದು. ಚಂದಾದಾರನ ಪರವಾಗಿ ಸಂಸ್ಥೆಯು ಒಂದೊಂದು ದಲ್ಲಾಳಿಗೂ ಮನವಿ ಸಲ್ಲಿಸಿ, ನಮೂದು ಮರಳಿ ತಲೆದೋರಿತೇ ಎಂದು ಆಗಾಗ ಪರೀಕ್ಷಿಸುತ್ತದೆ. ಮೂಲ ದಾಖಲೆ ಸರ್ಕಾರದ ಕಚೇರಿಯಲ್ಲಿ ಹಾಗೆಯೇ ಇರುವುದರಿಂದ ಅಳಿಸಿದ್ದು ಮತ್ತೆ ತುಂಬಿಕೊಳ್ಳುತ್ತದೆ. ಆದಕಾರಣವೇ ಶುಲ್ಕವು ವರ್ಷವರ್ಷವೂ ಸಲ್ಲಬೇಕಾಗುತ್ತದೆ. ಫಲವೂ ಪೂರ್ಣವಲ್ಲ. ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆಯು 2024ರಲ್ಲಿ ಏಳು ಸೇವೆಗಳನ್ನು ಪರೀಕ್ಷಿಸಿದಾಗ, 332 ನಮೂದುಗಳಲ್ಲಿ ನಾಲ್ಕು ತಿಂಗಳೊಳಗೆ ಮಾಯವಾದವು 117 ಮಾತ್ರ, ಎಂದರೆ ನೂರಕ್ಕೆ 35. ಸ್ವತಃ ಕೈಯಿಂದ ಮನವಿ ಸಲ್ಲಿಸಿದಾಗ ನೂರಕ್ಕೆ 70ರಷ್ಟು ತೆಗೆಯಲ್ಪಟ್ಟವು. ಉತ್ತಮ ಫಲವಿತ್ತ ಎರಡು ಸೇವೆಗಳಲ್ಲಿ ಒಂದರ ಶುಲ್ಕ ವರ್ಷಕ್ಕೆ 20 ಡಾಲರಿಗೂ ಕಡಮೆ. ಆದ್ದರಿಂದ ಹೆಚ್ಚಿನ ಬೆಲೆಯೇ ಹೆಚ್ಚಿನ ರಕ್ಷಣೆಯೆಂದು ಭಾವಿಸಲಾಗದು. ಅದೇ ವರ್ಷ, ಒನ್‌ರೆಪ್ ಎಂಬ ಅಳಿಸುವ ಸಂಸ್ಥೆಯ ಸ್ಥಾಪಕನೇ ಜನರ ವಿವರ ಮಾರುವ ಹಲವಾರು ತಾಣಗಳನ್ನೂ ಸ್ಥಾಪಿಸಿದ್ದನೆಂಬುದು ಬೆಳಕಿಗೆ ಬಂದಿತು. ರೋಗವನ್ನೂ ಮದ್ದನ್ನೂ ಒಂದೇ ಕೈ ಮಾರಬಹುದೆಂಬುದಕ್ಕೆ ಇದು ನಿದರ್ಶನ.

ಈ ಭಾರವನ್ನು ಪ್ರಜೆಯಿಂದ ದಲ್ಲಾಳಿಗೆ ವರ್ಗಾಯಿಸುವ ಯತ್ನಗಳೂ ನಡೆದಿವೆ. 2018ರಲ್ಲಿ ವರ್ಮಾಂಟ್ ರಾಜ್ಯವು ದಲ್ಲಾಳಿಗಳ ನೋಂದಣಿಯನ್ನು ಕಡ್ಡಾಯಗೊಳಿಸಿತು. ಕ್ಯಾಲಿಫೋರ್ನಿಯದ 2023ರ ಕಾಯಿದೆಯಂತೆ ನಿವಾಸಿಯು ಶುಲ್ಕವಿಲ್ಲದೆ ಒಂದೇ ಮನವಿಯನ್ನು ಸರ್ಕಾರಕ್ಕೆ ಸಲ್ಲಿಸಿದರೆ ಸಾಕು. 2026ರ ಆಗಸ್ಟ್ 1ರಿಂದ ನೋಂದಾಯಿತ ದಲ್ಲಾಳಿಗಳೆಲ್ಲರೂ 45 ದಿನಗಳಿಗೊಮ್ಮೆ ಅಂಥ ಮನವಿಗಳನ್ನು ನೋಡಿ ಅಳಿಸಬೇಕೆಂಬುದು ಅದರ ವಿಧಿ. ಆದರೂ ಸರ್ಕಾರದ ಸಾರ್ವಜನಿಕ ದಾಖಲೆಗಳಿಂದ ಪಡೆದ ವಿವರಗಳಿಗೆ ಅದರಲ್ಲಿ ವಿನಾಯಿತಿಯಿದೆ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಅಮೆರಿಕದ ಅನುಭವವು ನಮಗೆ ವಿಚಾರಾರ್ಹವಾಗುವುದು ಇಲ್ಲಿಯೇ. ಹಕ್ಕನ್ನು ಸಾರಿದ ಮಾತ್ರಕ್ಕೆ ಅದನ್ನು ಪಾಲಿಸುವ ಹೊಣೆ ಯಾರದೆಂಬುದು ತೀರ್ಮಾನವಾಗುವುದಿಲ್ಲ. ಆ ಹೊಣೆಯನ್ನು ಸಂಗ್ರಹಿಸುವವನ ಮೇಲೆ ಹೊರಿಸದಿದ್ದಲ್ಲಿ, ಹಕ್ಕು ಚಂದಾ ತೆರಬಲ್ಲವರ ಸೌಕರ್ಯವಾಗಿ ಉಳಿಯುತ್ತದೆ.