ಹುಳುಗಳು ದೀಪಕ್ಕೆ ಬೀಳುವುದೇಕೆ? ಕಂಬಳಿಹುಳುವಿನ ನಿವಾರಣೆಗೆ ಇದರ ಉಪಯೋಗ

ಮುಂಗಾರಿನ ಮೊದಲ ಹದಮಳೆ ಬಿದ್ದ ಕೆಲವು ದಿನಗಳೊಳಗಾಗಿ, ಸಂಜೆ ದೀಪ ಹಚ್ಚಿದೊಡನೆಯೇ ಬಿಳಿಯ ಚಿಟ್ಟೆಗಳು ಬಂದು ದೀಪವನ್ನು ಸುತ್ತಿ ಸುತ್ತಿ ಕೆಳಕ್ಕೆ ಬೀಳುವುದನ್ನು ರೈತರೆಲ್ಲರೂ ನೋಡಿರುತ್ತಾರೆ. ಇವುಗಳ ಮುಂದಿನ ರೆಕ್ಕೆಯ ಅಂಚಿನಲ್ಲಿ ಹಳದಿಯ ಗೆರೆಯೂ, ಹಿಂದಿನ ರೆಕ್ಕೆಯಲ್ಲಿ ಕಪ್ಪು ಚುಕ್ಕೆಗಳೂ ಇದ್ದರೆ, ಅವು ನೆಲಗಡಲೆ, ಜೋಳ, ರಾಗಿ, ಹರಳು ಮುಂತಾದ ಪೈರುಗಳನ್ನು ತಿಂದು ಬರಿದುಮಾಡುವ ಕೆಂಪು ಕಂಬಳಿಹುಳುವಿನ ಚಿಟ್ಟೆಗಳೆಂದು ತಿಳಿಯತಕ್ಕದ್ದು.

ಹುಳುವಿಗೆ ದೀಪದ ಮೇಲೆ ಮೋಹವೆಂದು ಜನರು ಹೇಳುವುದುಂಟು. ದೀಪವನ್ನು ಚಂದ್ರನೆಂದು ಭ್ರಮಿಸಿ ದಾರಿ ತಪ್ಪುವುದೆಂದು ಕೆಲವು ವಿದ್ವಾಂಸರು ಊಹಿಸಿದ್ದರು. ಆದರೆ ಅತಿ ವೇಗವಾಗಿ ಚಿತ್ರ ತೆಗೆಯುವ ಯಂತ್ರಗಳಿಂದ ಕೀಟಗಳ ಹಾರಾಟವನ್ನು ಪರೀಕ್ಷಿಸಿ 2024ನೆಯ ಇಸವಿಯಲ್ಲಿ ಪ್ರಕಟಿಸಿದ ಸಂಶೋಧನೆಯಿಂದ ಬೇರೊಂದು ಕಾರಣವು ಗೊತ್ತಾಗಿರುತ್ತದೆ. ರಾತ್ರಿಯಲ್ಲಿಯೂ ಆಕಾಶವು ನೆಲಕ್ಕಿಂತ ಬೆಳಕಾಗಿರುತ್ತದೆ. ಆದುದರಿಂದ ಹಾರುವ ಕೀಟವು ತನ್ನ ಬೆನ್ನನ್ನು ಬೆಳಕಿನ ಕಡೆಗೆ ಇಟ್ಟುಕೊಂಡು, ಮೇಲು ಯಾವುದು, ಕೆಳಗು ಯಾವುದು ಎಂಬುದನ್ನು ನಿರ್ಧರಿಸುತ್ತದೆ. ಪಕ್ಕದಲ್ಲಿ ದೀಪವಿದ್ದರೆ ಆ ಕಡೆಗೇ ಬೆನ್ನು ತಿರುಗಿಸಿ, ಓರೆಯಾಗಿ ವಾಲಿ, ಅದರ ಸುತ್ತಲೂ ಸುತ್ತುತ್ತದೆ. ದೀಪದ ಮೇಲುಗಡೆ ಬಂದರೆ ಅಂಗಾತವಾಗಿ ಮಗುಚಿ ಬೀಳುತ್ತದೆ.

ಇದರಿಂದ ತಿಳಿಯಬೇಕಾದುದೇನೆಂದರೆ, ಈ ಬಗೆಯಲ್ಲಿ ದೀಪಕ್ಕೆ ಸೆರೆಸಿಕ್ಕುವುದು ಅದರ ಸಮೀಪದಲ್ಲಿ ಹಾದುಹೋಗುವ ಹುಳು. ಆದಕಾರಣ ಒಬ್ಬನ ಹೊಲದ ಒಂದು ದೀಪವು ಊರಿನ ಪೈರನ್ನೆಲ್ಲಾ ಕಾಯಲಾರದು. ಗ್ರಾಮಸ್ಥರೆಲ್ಲರೂ ಏಕಕಾಲದಲ್ಲಿ ತಮ್ಮ ತಮ್ಮ ಹೊಲಗಳಲ್ಲಿ ದೀಪವಿಟ್ಟರೆ ಮಾತ್ರ ಪ್ರಯೋಜನವುಂಟು.

ದೀಪವಿಡುವ ಕ್ರಮ: ಅಗಲವಾದ ಬಾನಿಯಲ್ಲಿ ನೀರು ತುಂಬಿ, ಸ್ವಲ್ಪ ಸೀಮೆಎಣ್ಣೆಯನ್ನು ಹಾಕಿ, ಅದರ ಮೇಲೆ ಲಾಟೀನನ್ನಾಗಲಿ ವಿದ್ಯುದ್ದೀಪವನ್ನಾಗಲಿ ತೂಗಹಾಕಬೇಕು. ಬಿದ್ದ ಹುಳುಗಳು ಏಳಲಾರದೆ ಸಾಯುತ್ತವೆ. ಬಾನಿಯಿಲ್ಲದೆ ಬರಿಯ ದೀಪವನ್ನಿಟ್ಟರೆ ಚಿಟ್ಟೆಗಳು ಅಲ್ಲಿಯೇ ನೆರೆದು ಸಮೀಪದ ಪೈರಿನಲ್ಲಿ ಮೊಟ್ಟೆಯಿಡಬಹುದು. ದೀಪಕ್ಕೆ ನಿರಪರಾಧಿಗಳಾದ ಕೀಟಗಳೂ ಬೀಳುವುದರಿಂದ, ಮೊದಲ ಮಳೆಯ ನಂತರ ಚಿಟ್ಟೆಗಳು ಕಾಣುವ ದಿನಗಳಲ್ಲಿ ಮಾತ್ರ, ಸಂಜೆ 7 ಗಂಟೆಯಿಂದ 11 ಗಂಟೆಯವರೆಗೆ ಉರಿಸಿದರೆ ಸಾಕು. ಈ ನೀರನ್ನು ದನಕರುಗಳು ಕುಡಿಯದಂತೆ ಜಾಗ್ರತೆ ವಹಿಸಬೇಕು.

ದೀಪಕ್ಕೆ ಸಿಕ್ಕದೆ ಉಳಿದ ಒಂದೊಂದು ಹೆಣ್ಣು ಚಿಟ್ಟೆಯೂ ಎಲೆಗಳ ಅಡಿಯಲ್ಲಿ ಗುಂಪುಗುಂಪಾಗಿ ನೂರಾರು ಮೊಟ್ಟೆಗಳನ್ನಿಡುತ್ತದೆ. 3-4 ದಿನಗಳಲ್ಲಿ ಮರಿಗಳು ಹೊರಟು, ಮೊದಲು ಒಂದೇ ಎಲೆಯಲ್ಲಿ ಗುಂಪಾಗಿ ಮೇಯುತ್ತವೆ. ಅಂತಹ ಎಲೆಗಳನ್ನು ಕಿತ್ತು ನಾಶಮಾಡುವುದು ಅತ್ಯಂತ ಸುಲಭವಾದ ಉಪಾಯ. ಹುಳುಗಳು ಬೆಳೆದು 2 ಅಂಗುಲ ಉದ್ದವಾದ ಮೇಲೆ ದಂಡಿನಂತೆ ಹೊಲದಿಂದ ಹೊಲಕ್ಕೆ ನಡೆಯುತ್ತವೆ. ಆಗ ಹೊಲದ ಸುತ್ತಲೂ ಒಂದು ಅಡಿ ಆಳದ, ನೆಟ್ಟನೆಯ ದಡವುಳ್ಳ ಕಾಲುವೆ ತೋಡಿ ತಡೆಯುವುದರ ಹೊರತು ಹೆಚ್ಚು ಉಪಾಯವಿಲ್ಲ.

ಬೆಳೆದ ಹುಳು ಬದುಗಳಲ್ಲಿಯೂ ಮರಗಳ ನೆರಳಿನಲ್ಲಿಯೂ ಮಣ್ಣಿನೊಳಕ್ಕೆ ಸೇರಿ, ಗೂಡು ಕಟ್ಟಿ, ಸುಮಾರು 10 ತಿಂಗಳು ನಿದ್ರಿಸಿ, ಮರುವರ್ಷದ ಮಳೆಗೆ ಚಿಟ್ಟೆಯಾಗಿ ಹೊರಡುತ್ತದೆ. ಬೇಸಗೆಯಲ್ಲಿ ಆಳವಾಗಿ ಉತ್ತರೆ ಈ ಗೂಡುಗಳು ಮೇಲಕ್ಕೆ ಬಂದು ಬಿಸಿಲಿಗೆ ಒಣಗುತ್ತವೆ. ನೇಗಿಲಿನ ಹಿಂದೆ ಬರುವ ಕಾಗೆ, ಗೊರವಂಕಗಳೂ ಇವನ್ನು ಹೆಕ್ಕಿ ತಿನ್ನುತ್ತವೆ, ಅವನ್ನು ಓಡಿಸಬಾರದು.

ಒಬ್ಬನು ಉದಾಸೀನನಾದರೆ ಅವನ ಹೊಲದಲ್ಲಿ ಹುಟ್ಟಿದ ಹುಳುವು ನೆರೆಯವನ ಪೈರನ್ನೂ ತಿನ್ನುವುದು. ಆದುದರಿಂದ ಗ್ರಾಮದ ಮುಖ್ಯಸ್ಥರು ಮಳೆಗೆ ಮುಂಚೆಯೇ ಹಿಡುವಳಿದಾರರನ್ನೆಲ್ಲಾ ಸೇರಿಸಿ, ದೀಪವಿಡುವ ದಿನವನ್ನು ಗೊತ್ತುಮಾಡಿ, ಎಲ್ಲರೂ ಒಟ್ಟಾಗಿ ನಡೆಯುವಂತೆ ಏರ್ಪಡಿಸತಕ್ಕದ್ದು.